ಒಂದು ಲೀಟರ್ ಸಂಕೋಚ

ನನ್ನ ಸ್ಟೀಲ್ ಬಾಟಲಿಯ ಸೊಂಟದಲ್ಲಿ ಒಂದು ತಗ್ಗಿದೆ. ಭರಮಸಾಗರದ ಸ್ಟಾಪಿನಲ್ಲಿ ಎಮ್ಮೆ ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಒತ್ತಿದಾಗ ಆದದ್ದು. ಮೇಲಿನ ಕ್ಯಾರಿಯರಿನಿಂದ ಬಿದ್ದ ಬಾಟಲಿ ಸೀಟಿನ ಕಂಬಿಗೆ ಬಡಿದು, ಢಣಢಣ ಉರುಳುತ್ತ ಗೇರ್ ಬಾಕ್ಸಿನ ಹತ್ತಿರ ಹೋಗಿ ನಿಂತಿತು. "ಯಾರ್ದ್ರೀ ಇದು, ಗ್ಯಾಸ್ ಸಿಲಿಂಡ್ರು?" ಎಂದು ಕಂಡಕ್ಟರ್ ಅದನ್ನು ಎತ್ತಿ ಹಿಡಿದ. ನಾನು ಕಿಟಕಿ ಕಡೆ ನೋಡುತ್ತ ಕೂತೆ. ಪಕ್ಕದ ಅಜ್ಜಿ ಮಾತ್ರ ಬಿಡಲಿಲ್ಲ. "ಇವರ್ದೇ ನೋಡ್ರಿ, ಹತ್ತುವಾಗ ಮಗೂನ್ನ ಮಲಗಿಸಿದಂಗ ಮ್ಯಾಲಿಟ್ರು" ಎಂದು ಬೆರಳು ಮಾಡಿ ತೋರಿಸಿತು.

ವಾರಕ್ಕೆ ಮೂರು ದಿನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುವವನು ನಾನು. 60 ಕಿಲೋಮೀಟರಿನ ಮೇಲೆ ಸ್ವಲ್ಪ ಚಿಲ್ಲರೆ. ಬಾಟಲಿ ಕೊಳ್ಳುವ ಮುಂಚೆ ಹೋಗುವಾಗೊಂದು, ಬರುವಾಗೊಂದು 20 ರೂಪಾಯಿಯ ನೀರು ಕೊಳ್ಳುತ್ತಿದ್ದೆ. ವಾರಕ್ಕೆ ಆರು ಬಾಟಲಿ, 120 ರೂಪಾಯಿ. ಹಬ್ಬ, ಮದುವೆ, ಜ್ವರ ಎಲ್ಲ ಕಳೆದು ವರ್ಷಕ್ಕೆ 48 ವಾರ ಹಿಡಿದರೂ 288 ಬಾಟಲಿ, 5,760 ರೂಪಾಯಿ. ಸ್ಟೀಲಿನದಕ್ಕೆ ಕೊಟ್ಟದ್ದು 480. ನಾಲ್ಕೇ ವಾರದಲ್ಲಿ ಅಸಲು ವಾಪಸ್. ಆದರೆ ಲೆಕ್ಕ ಹಾಕಿ ಬಾಟಲಿ ಕೊಂಡೆ ಎಂದರೆ ಸುಳ್ಳಾಗುತ್ತದೆ. ಕೊಂಡದ್ದು ಅಮ್ಮನ ಕಾಟಕ್ಕೆ. ನಾನು ತಂದ ಖಾಲಿ ಬಾಟಲಿಗಳನ್ನು ಅಮ್ಮ ಎಸೆಯುತ್ತಿರಲಿಲ್ಲ. ಒಂದರಲ್ಲಿ ಫಿನಾಯಿಲ್, ಒಂದರಲ್ಲಿ ದೇವರ ದೀಪದ ಎಣ್ಣೆ, ಕುತ್ತಿಗೆ ಕತ್ತರಿಸಿದ ಹತ್ತಾರರಲ್ಲಿ ದೊಡ್ಡಪತ್ರೆ ಸಸಿ. ಒಂದು ರಾತ್ರಿ ಕರೆಂಟಿಲ್ಲದ ಹೊತ್ತಲ್ಲಿ ಫ್ರಿಜ್ಜಿನ ಪಕ್ಕದ ಬಾಟಲಿಗೆ ಬಾಯಿ ಹಚ್ಚಿದೆ. ಮೂಗು ಎಚ್ಚರಿಸದಿದ್ದರೆ ಈ ಪ್ರಬಂಧ ಬರೆಯಲು ನಾನಿರುತ್ತಿರಲಿಲ್ಲ.

ಬಾಟಲಿಯೇನೋ ಬಂತು. ನಿಜವಾದ ಪೇಚು ಶುರುವಾದದ್ದು ಅದು ಖಾಲಿಯಾದಾಗ. ಏಪ್ರಿಲ್ ಬಿಸಿಲಲ್ಲಿ ಒಂದು ಲೀಟರ್ ಎಷ್ಟು ಹೊತ್ತು ಬಂದೀತು? ಮತ್ತೆ ತುಂಬಬೇಕು, ತುಂಬಬೇಕೆಂದರೆ ಯಾರನ್ನಾದರೂ ಕೇಳಬೇಕು. ನನ್ನ ಬಾಯಿಗೆ ಬಾರದ್ದೇ ಅದು. ಅಷ್ಟು ವರ್ಷ ಅಂಗಡಿಯವನಿಗೆ ಕೊಟ್ಟ ಇಪ್ಪತ್ತಿಪ್ಪತ್ತು ರೂಪಾಯಿ ನೀರಿನ ಬೆಲೆ ಅಲ್ಲವೇ ಅಲ್ಲ, ಯಾರ ಹತ್ತಿರವೂ ಕೇಳದೆ ಬದುಕುವುದರ ಬೆಲೆ ಎಂದು ಅವತ್ತು ಹೊಳೆಯಿತು.

ನಮ್ಮಜ್ಜನಿಗೆ ಈ ರೋಗ ಇರಲಿಲ್ಲ. ಗಾಡಿ ಕಟ್ಟಿಕೊಂಡು ಸಂತೆಗೆ ಹೊರಟರೆ ಮೂಕಿಗೆ ಒಂದು ತತ್ರಾಣಿ ಕಟ್ಟುತ್ತಿದ್ದ. ಹೊಟ್ಟೆ ದುಂಡಗೆ, ಕುತ್ತಿಗೆ ಸಣ್ಣಗೆ ಇರುವ ಮಣ್ಣಿನ ಪಾತ್ರೆ. ಅದಕ್ಕೊಂದು ಒದ್ದೆ ಬಟ್ಟೆ ಸುತ್ತಿರುತ್ತಿತ್ತು. ಮಣ್ಣಿನ ಸಣ್ಣ ಸಣ್ಣ ತೂತಿನಿಂದ ಜಿನುಗಿದ ನೀರು ಗಾಳಿಗೆ ಆರಿ ಆವಿಯಾಗುವಾಗ ಒಳಗಿನ ಕಾವನ್ನೂ ಎಳೆದೊಯ್ಯುತ್ತದೆ. ಬಿಸಿಲು ಏರಿದಷ್ಟೂ ತತ್ರಾಣಿ ತಣ್ಣಗೆ. ಲಾರಿಗಳ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ತೂಗಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ತತ್ರಾಣಿ ಬರಿದಾದರೆ ಅಜ್ಜ ಮೊದಲು ಕಂಡ ಮನೆಯ ಮುಂದೆ ಗಾಡಿ ನಿಲ್ಲಿಸಿ, "ಯವ್ವಾ, ಒಂದೀಟು ನೀರು" ಅನ್ನುವನು. ಆಕೆ ಬರೀ ನೀರು ತರುತ್ತಿರಲಿಲ್ಲ, ಅಂಗೈಯಲ್ಲಿ ಒಂದು ಬೆಲ್ಲದ ಚೂರೂ ಇರುತ್ತಿತ್ತು. ಬರಿಗಂಟಲಿಗೆ ಸುಮ್ಮನೆ ನೀರು ಹುಯ್ಯಬಾರದಂತೆ. ನೀರಡಿಸಿ ಬಂದವರಿಗೆ ಇಲ್ಲ ಅಂದರೆ ಮನೆಯ ಕೊಡ ಬತ್ತುತ್ತದೆ ಎಂದು ಅವರೆಲ್ಲ ನಂಬಿದ್ದರು.

ಇದನ್ನೇ ಸ್ವಲ್ಪ ಒಗ್ಗರಣೆ ಹಾಕಿ ಗೆಳೆಯನೊಬ್ಬನ ಮುಂದೆ ಹೇಳಿಕೊಂಡೆ. ಹಿಂದೆ ನೀರು ಕೊಳ್ಳುವ ಮಾತೇ ಇರಲಿಲ್ಲ, ಕೇಳಿದರೆ ಸಿಗುತ್ತಿತ್ತು, ಈಗ ಎಲ್ಲ ಕೆಟ್ಟುಹೋಯಿತು ಎಂಬ ಧಾಟಿಯಲ್ಲಿ. ಚಳ್ಳಕೆರೆ ಕಡೆಯವನು ಅವನು. ಚಹಾ ಮುಗಿಯುವವರೆಗೂ ಸುಮ್ಮನಿದ್ದ. "ನಿಮ್ಮಜ್ಜಗೆ ಬೆಲ್ಲ ಕೊಡ್ತಿದ್ರು. ನಮ್ಮಜ್ಜಗೆ ಯಾವೂರು, ಯಾರ ಪೈಕಿ ಅಂತ ಕೇಳ್ತಿದ್ರು. ಹೇಳಿದ ಮೇಲೆ ಬೊಗಸೆ ಒಡ್ಡಿ ಕುಕ್ಕರಗಾಲಲ್ಲಿ ಕೂರಬೇಕು, ಮಾರುದ್ದ ಮೇಲಿಂದ ನೀರು ಬಿಡ್ತಿದ್ರು. ಅರ್ಧ ಮೊಣಕೈ ಮೇಲೆ ಹೋಗೋದು" ಎಂದ. ಆಮೇಲೆ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡು, ಮುಚ್ಚಳದ ಸೀಲು ಟಕ್ ಎನಿಸಿ, "ಇದು ಯಾರ ಪೈಕಿ ಅಂತ ಕೇಳಲ್ಲ ನೋಡು" ಎಂದು ನಕ್ಕ. ನಾನೂ ನಕ್ಕೆ, ಆದರೆ ಅವತ್ತು ನನ್ನ ಬಾಟಲಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅಜ್ಜನ ಬೆಲ್ಲದ ಕತೆಯನ್ನು ಅದಾದ ಮೇಲೆ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುವವರೆಗೆ.

ಕೇಳಿದರೂ ಸಿಕ್ಕಿದ ನೀರನ್ನೆಲ್ಲ ಕುಡಿಯುವ ಹಾಗಿಲ್ಲ ಎನ್ನುವುದು ಇನ್ನೊಂದು ತಾಪತ್ರಯ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸೈರಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ, ಮಂಡಿಯಲ್ಲಿ ನೋವು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಒಂದು ದಿನ ದಾರಿಯಲ್ಲಿ ಒಂದು ಲೋಟ ಕುಡಿದ ಮಾತ್ರಕ್ಕೆ ಯಾರ ಮಂಡಿಯೂ ಹೋಗುವುದಿಲ್ಲ ಬಿಡಿ. ಆದರೂ ವಾರಕ್ಕೆ ಮೂರು ದಿನದವನು ಯೋಚಿಸಬೇಕು.

ಹಾಗಾಗಿ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಹಾಗಂತ ಬೋರ್ಡಿನಲ್ಲಿ ಮಾತ್ರ ಇರುವುದು, ಬಾಯಲ್ಲಿ ಅದು 'ಫಿಲ್ಟರ್ ನೀರು'. ನಾನು ಹೋಗುವ ಕಡೆ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಅಗ್ಗ ಅಂದರೆ ಇದು, ಲೀಟರಿಗೆ ನಾಲ್ಕಾಣೆ! ಮೊದಲ ಸಲ ಖುಷಿಯಿಂದ ನಾಣ್ಯ ಹಾಕಿ ಬಾಟಲಿ ಹಿಡಿದೆ. ಬಾಟಲಿ ಚಣದಲ್ಲಿ ತುಂಬಿತು. ನಲ್ಲಿ ನಿಲ್ಲಲಿಲ್ಲ. ಹೇಗೆ ನಿಂತೀತು, ಯಂತ್ರ ನನಗೆ ಇನ್ನೂ 19 ಲೀಟರ್ ಬಾಕಿ ಇದೆ. ಗುಂಡಿ ಒತ್ತಿದೆ, ನಲ್ಲಿ ಹಿಡಿದುಕೊಂಡೆ, ಅಂಗಿ ತೋಯಿಸಿಕೊಂಡೆ. ಬರದ ನಾಡಿನಲ್ಲಿ ಶುದ್ಧ ನೀರು ಚರಂಡಿ ಕಡೆ ಹರಿಯುತ್ತಿದ್ದರೆ ಕೊಲೆ ಮಾಡಿದವನ ಹಾಗೆ ನಿಂತಿದ್ದೆ. ಸೈಕಲ್ಲಿಗೆ ಎರಡು ಕ್ಯಾನು ನೇತುಹಾಕಿಕೊಂಡು ಬಂದ ಹುಡುಗ ಓಡಿ ಬಂದು ಕ್ಯಾನ್ ಒಡ್ಡಿದ. "ಅಣ್ಣಾ, ಇಲ್ಲಿ ಬಾಟ್ಲಿಗೆ ದುಡ್ಡು ಹಾಕ್ತಾರೇನಣ್ಣ? ಕ್ಯಾನ್ ಹಿಡಿಯೋರನ್ನ ಕೇಳಿದ್ರೆ ಮೊದ್ಲು ನಿಮ್ದು ತುಂಬಿಸಿ ಆಮೇಲೆ ಅವರ್ದು ತುಂಬಿಸ್ಕೊತಾರೆ" ಎಂದ. ಅಲ್ಲಿಗೆ ನಾಣ್ಯ ಹಾಕುವ ಯಂತ್ರದ ಮುಂದೆಯೂ ಕೇಳುವುದು ತಪ್ಪಲಿಲ್ಲ.

ಹೋಟೆಲಿನಲ್ಲಿ ಕೇಳುವುದು ಇನ್ನೂ ಕಷ್ಟ. "ಮಾಮೂಲಿ ನೀರಾ, ಬಾಟ್ಲಾ ಸಾರ್?" ಎನ್ನುವಾಗ ಮಾಣಿ 'ಮಾಮೂಲಿ'ಯನ್ನು ಎಷ್ಟು ಇಳಿದ ದನಿಯಲ್ಲಿ ಹೇಳುತ್ತಾನೆಂದರೆ, ಬೆಣ್ಣೆದೋಸೆಗೆ ಬಂದ ಮನುಷ್ಯ ಮರ್ಯಾದೆಗೆ ಅಂಜಿ "ಬಾಟ್ಲು" ಅಂದುಬಿಡುತ್ತಾನೆ. ಹೋಟೆಲಿನವರು ಎಂಆರ್‌ಪಿಗಿಂತ ಹೆಚ್ಚಿಗೆ ತೆಗೆದುಕೊಳ್ಳಬಹುದು, ಗಿರಾಕಿ ಅಲ್ಲಿ ನೀರೊಂದನ್ನೇ ಕೊಳ್ಳುವುದಿಲ್ಲ, ಕೂರುವ ಜಾಗ, ಸೇವೆ ಎಲ್ಲ ಸೇರಿದೆ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ನಾನು ಕೂರುವ ಕಡೆ ಫ್ಯಾನ್ ತಿರುಗುವುದಿಲ್ಲ, ಆ ಮಾತು ಬೇರೆ.

ಇಷ್ಟೆಲ್ಲ ಪಾಂಡಿತ್ಯ ಸಂಪಾದಿಸಿದ ಮೇಲೆ ಮನೆಯಾಕೆಗೂ ಒಂದು ಬಾಟಲಿ ತಂದುಕೊಟ್ಟೆ. ನೀಲಿ ಬಣ್ಣದ್ದು. ಬೆಂಗಳೂರಿಗೆ ಹೊರಟರೆ ಬಸ್ಸಲ್ಲಿ ಐದು ತಾಸು. ತುಂಬಿದ ಬಾಟಲಿ ತುಂಬಿದ ಹಾಗೇ ಮೆಜೆಸ್ಟಿಕ್ಕಿನಲ್ಲಿ ಇಳಿಯಿತು. ತಲೆ ಸಿಡಿಯುತ್ತಿದೆ ಎಂದಳು. ಬಾಯಾರಿಕೆ ಆಗುವ ಹೊತ್ತಿಗಾಗಲೇ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ, ಮೂತ್ರದ ಬಣ್ಣ ನೋಡಿಕೊಳ್ಳಬೇಕು, ಗಾಢ ಹಳದಿ ಬಂದರೆ ನೀರು ಸಾಲದು ಎಂದೇ ಅರ್ಥ ಎಂದೆಲ್ಲ ಉಪದೇಶ ಮಾಡಿದೆ. ಆಕೆ ಬಾಟಲಿಯನ್ನು ನನ್ನ ಕೈಗಿಟ್ಟು, "ಬಣ್ಣ ನೋಡಾಕ ಮೊದ್ಲು ಜಾಗ ಬೇಕಲ್ರೀ" ಎಂದಳು.

ನನಗೆ ಮಾತು ಹೊರಡಲಿಲ್ಲ. ಡ್ರೈವರ್ ಹತ್ತು ನಿಮಿಷ ಅಂತ ಢಾಬಾ ಮುಂದೆ ಬಸ್ ನಿಲ್ಲಿಸಿದಾಗ ಗಂಡಸರೆಲ್ಲ ಜಾಲಿ ಗಿಡದ ಮರೆಗೆ ಹೋಗಿ ಹಗುರಾಗಿ ಬರುತ್ತೇವೆ. ಹೆಂಗಸರು ಸಾಲಾಗಿ ಒಂದೇ ಒಂದು ಬಾಗಿಲ ಮುಂದೆ. ಅದರ ಚಿಲಕ ಕೂರುವುದಿಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು, ಅಷ್ಟರಲ್ಲಿ ಹಾರ್ನ್. ಹೊರಡುವ ಎರಡು ತಾಸು ಮುಂಚೆಯೇ ನೀರು ಬಂದ್ ಮಾಡುವುದು ಆಕೆಯೊಬ್ಬಳ ಪದ್ಧತಿಯಲ್ಲ, ಅವಳ ಅಕ್ಕತಂಗಿಯರದ್ದೂ, ನನ್ನಮ್ಮನದ್ದೂ. ಐವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅಮ್ಮ ಪ್ರಯಾಣದಲ್ಲಿ ನೀರು ಕುಡಿದದ್ದನ್ನು ಕಂಡ ನೆನಪಿಲ್ಲ. ಹುಬ್ಬಳ್ಳಿ ಕಡೆಗೆ ರೈಲಲ್ಲಿ ಹೊರಟರೆ ಕತೆ ಬೇರೆ. ಬೋಗಿಯಲ್ಲೇ ಪಾಯಿಖಾನೆ ಇದೆಯಲ್ಲ, ಮನೆಯಾಕೆಯ ನೀಲಿ ಬಾಟಲಿ ಹಾವೇರಿ ಬರುವಷ್ಟರಲ್ಲಿ ಖಾಲಿ. ಮತ್ತೆ ಬೇಕಾದರೆ ಸ್ಟೇಷನ್ನಿನಲ್ಲಿ ರೈಲ್ ನೀರ್ ಇದ್ದೇ ಇದೆ, ಲೀಟರಿಗೆ 15 ಇದ್ದದ್ದು 2025ರ ಸೆಪ್ಟೆಂಬರಿನಿಂದ 14 ಆಗಿದೆ. ಆಕೆ ಕೊಳ್ಳುವುದಿಲ್ಲ. ಎದುರು ಸೀಟಿನವರ ಐದು ಲೀಟರಿನ ಕ್ಯಾನಿನಿಂದ ಕೇಳಿ ತುಂಬಿಸಿಕೊಳ್ಳುತ್ತಾಳೆ, ಅದರ ಜೊತೆಗೆ ಅವರ ಮಗಳ ಸಂಬಂಧ ಎಲ್ಲಿ ಗೊತ್ತಾಯಿತು ಎಂಬುದನ್ನೂ ತಿಳಿದುಕೊಳ್ಳುತ್ತಾಳೆ.

ಅಂದಹಾಗೆ ದಾವಣಗೆರೆಯಿಂದ ದುರ್ಗಕ್ಕೆ ನೀರು ಹೊರುವವನು ನಾನೊಬ್ಬನೇ ಅಲ್ಲ. 1997ರಲ್ಲಿ ಎರಡೂ ಬೇರೆ ಬೇರೆ ಜಿಲ್ಲೆಯಾದವು, ಅಲ್ಲಿತನಕ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನಮ್ಮ ಪಾಲಿಗೆ ಬಂತು, ಅದರ ನೀರು ಮಾತ್ರ ಪೈಪು ಹಿಡಿದು ದುರ್ಗಕ್ಕೆ ಹೋಗುತ್ತಿದೆ. ನಮ್ಮೂರಿನ ಹೆಸರೇ ದಣಿವಿನ ಕೆರೆ, ದಣಿದ ಕುದುರೆಗಳು ನೀರು ಕುಡಿಯುತ್ತಿದ್ದ ಜಾಗ ಎಂದು ಹಿರಿಯರು ಹೇಳುವುದುಂಟು. ಹೌದೋ ಅಲ್ಲವೋ, ಮಂಡಿಪೇಟೆಯಲ್ಲಿ ಬೇಸಿಗೆಗೆ ಇಡುವ ಅರವಟ್ಟಿಗೆ ಮುಂದೆ ನಿಂತಾಗ ನಿಜವೇ ಇರಬೇಕು ಅನಿಸುತ್ತದೆ. ಮರಳ ಮೇಲೆ ಕೂರಿಸಿದ ಹರವಿ, ಮೇಲೆ ಒದ್ದೆ ಗೋಣಿ, ಸರಪಳಿ ಹಾಕಿ ಕಟ್ಟಿದ ಲೋಟ. ನೀರು ಎಷ್ಟು ಬೇಕಾದರೂ ಕುಡಿ, ಲೋಟ ಒಯ್ಯಬೇಡ ಎಂದು ಸರಪಳಿ ಹೇಳುತ್ತಿರುತ್ತದೆ.

ಹೋದ ವರ್ಷ ನೆಂಟರ ಮಕ್ಕಳನ್ನು ಕರೆದುಕೊಂಡು ದುರ್ಗದ ಕೋಟೆ ಹತ್ತಿದೆ. ಮಕ್ಕಳ ಕೈಯಲ್ಲಿ ಕಿತ್ತಳೆ ಬಣ್ಣದ ಪಾನೀಯ, ನನ್ನ ಕೈಯಲ್ಲಿ ತಗ್ಗು ಬಿದ್ದ ಬಾಟಲಿ. ಎರಡನೇ ಬಾಗಿಲು ದಾಟುವಷ್ಟರಲ್ಲಿ ಕೋತಿ ಬಂತು. ಕಿತ್ತಳೆ ಬಾಟಲಿ ಕಿತ್ತುಕೊಂಡು ಗೋಡೆ ಏರಿ, ಮುಚ್ಚಳವನ್ನು ಹಲ್ಲಲ್ಲಿ ಹಿಡಿದು ತಿರುವಿ, ನಾವು ನೋಡುತ್ತಿದ್ದಂತೆ ಗಟಗಟ ಕುಡಿಯಿತು. ಇನ್ನೊಂದು ನನ್ನ ಬಾಟಲಿಯನ್ನು ಮುಟ್ಟಿ, ಮೂಸಿ, ಅಲ್ಲೇ ಬಿಟ್ಟು ಹೋಯಿತು. ಸ್ಟೀಲಿನ ಗಟ್ಟಿತನಕ್ಕೆ ಇದಕ್ಕಿಂತ ಪುರಾವೆ ಬೇಕಾ ಎಂದು ಮಕ್ಕಳಿಗೆ ಕೊಚ್ಚಿಕೊಂಡೆ.

ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ. ಬೇಸಿಗೆಯಲ್ಲೂ ತಣ್ಣಗಿರುವ ತಣ್ಣೀರು ದೋಣಿ. ಬಂಡೆ ಮೇಲೆ ಬಿದ್ದ ಮಳೆ ಮೇಲಿನ ಹೊಂಡ ತುಂಬಿ, ಕೋಡಿ ಬಿದ್ದು ಕೆಳಗಿನದಕ್ಕಿಳಿದು, ಹಾಗೇ ಸಿಹಿನೀರು ಹೊಂಡ ದಾಟಿ ಊರೊಳಗಿನ ಸಂತೆಹೊಂಡದ ತನಕ ಬರುವ ಏರ್ಪಾಡು ಪಾಳೇಗಾರರದ್ದು. ಓಬವ್ವನ ಕಿಂಡಿ ಮುಂದೆ ಮಕ್ಕಳಿಗೆ ಕತೆ ಹೇಳಿದೆ. ಕಾವಲಿನ ಗಂಡ ಊಟಕ್ಕೆ ಬಂದ, ನೀರಿಲ್ಲ, ಆಕೆ ನೀರು ತರಲು ಬಂದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು, ಒನಕೆ ಹಿಡಿದು ನಿಂತಳು. ಚಿಕ್ಕವನು ಕೇಳಿದ: "ಮಾಮಾ, ಅವರ ಹತ್ರ ವಾಟರ್ ಬಾಟಲ್ ಇದ್ದಿದ್ರೆ?" ಇದ್ದಿದ್ದರೆ ಕೋಟೆ 1779ರ ತನಕ ಕಾಯುತ್ತಲೇ ಇರಲಿಲ್ಲ, ಅವತ್ತೇ ಹೋಗುತ್ತಿತ್ತು ಎಂದೆ.

ಇಳಿಯುವಷ್ಟರಲ್ಲಿ ಬಾಟಲಿ ಬರಿದು, ಮಕ್ಕಳ ತುಟಿ ಒಣಗಿತ್ತು. ಅಂಗಡಿ ದೂರ. ಕೋಟೆ ಕೆಳಗಿನ ಓಣಿಯಲ್ಲಿ ಒಬ್ಬಾಕೆ ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎರಡು ಮನೆ ಮುಂದೆ ಹೋಗಿ, ಮತ್ತೆ ಹಿಂದೆ ಬಂದು, ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟೆ: "ಅಕ್ಕಾ, ಸ್ವಲ್ಪ ನೀರು..."

"ಅದಕ್ಯಾಕಣ್ಣ ಅಷ್ಟೊತ್ತು ನಿಂತ್ಕಂಡೆ? ಫಿಲ್ಟ್ರು ನೀರೇ ಐತೆ, ಕೊಡಿಲ್ಲಿ" ಎಂದು ಬಾಟಲಿ ಇಸಿದುಕೊಂಡಳು. ಮುಚ್ಚಳ ತಿರುವಿದಳು. ಮೂಗಿನ ಹತ್ತಿರ ತಂದಳು. ತಲೆಯಿಂದ ಹೇರ್‌ಪಿನ್ ತೆಗೆದು ಮುಚ್ಚಳದೊಳಗಿನ ರಬ್ಬರ್ ಬಳೆಯನ್ನು ಎಬ್ಬಿಸಿ ಬಿಸಿಲಿಗೆ ಹಿಡಿದು ನೋಡಿದಳು. ಕರ್ರಗೆ, ಲೋಳೆ ಲೋಳೆಯಾಗಿತ್ತು. ಅಂಥದ್ದೊಂದು ಬಳೆ ಅಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ಎಷ್ಟು ದಿನ ಆತಣ್ಣ ಇದನ್ನ ತೊಳ್ದು?" ಎಂದಳು. ಮಕ್ಕಳು ನನ್ನ ಮುಖ ನೋಡಿದರು. ಆಕೆ ಉತ್ತರಕ್ಕೆ ಕಾಯದೆ, ಒಳಗಿಂದ ಹುಣಸೆಹಣ್ಣು ತರಲು ಎದ್ದು ಹೋದಳು.