ಎರಡಡಿ ಶೀಟು ಮತ್ತು ‘ತಮ್ಮ ವಿಧೇಯ’

“ಬಾಗಿಲ ಮೇಲೆ ಈ ತಗಡಿನ ಶೀಟು ಹಾಕಿಸುವ ಮೊದಲು ಯಾರನ್ನು ಕೇಳಿದಿರಿ?” ಎಂದು ಸ್ಥಳೀಯ ಆಡಳಿತದ ಕಚೇರಿಯ ಗುಮಾಸ್ತರು ನೋಟಿಸಿನಿಂದ ತಲೆಯೆತ್ತದೆ ಕೇಳಿದರು. “ಯಾರನ್ನೂ ಕೇಳಲಿಲ್ಲ, ಮಳೆ ಬರುತ್ತಿತ್ತು” ಎಂದೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೆಲ್ಲ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ, ನಿಜವಾಗಿಯೂ ಮಳೆ ಬರುತ್ತಿತ್ತು.

ದಂಡ ಕಟ್ಟಿದ್ದನ್ನು ನಾನು ಮರೆಯಬಲ್ಲೆ. ಮರೆಯಲಾಗದಿರುವುದು ಅದರ ನಂತರ ನಡೆದದ್ದು. ಅವರು ಒಂದು ಬಿಳಿ ಹಾಳೆಯನ್ನು ನನ್ನತ್ತ ತಳ್ಳಿ, ತಪ್ಪಾಗಿದೆ ಎಂದು ಬರೆದುಕೊಡಿ ಎಂದರು. ಕುಳಿತುಕೊಳ್ಳಲು ಜಾಗವಿರಲಿಲ್ಲವಾದ್ದರಿಂದ ಕೌಂಟರಿನ ಕಟ್ಟೆಯ ಮೇಲೆಯೇ ಬಾಗಿ, ಶಾಲೆಯಲ್ಲಿ ಉಕ್ತಲೇಖನ ಬರೆಯುವ ಹುಡುಗನಂತೆ, ಅವರು ಹೇಳಿದ್ದನ್ನೆಲ್ಲ ಬರೆದೆ. ‘ತಿಳಿಯದೆ ಹಾಕಿಸಿದ್ದೇನೆ’ ಎಂದು ನಾನಾಗಿ ಸೇರಿಸಿದ ಸಾಲಿನ ಮೇಲೆ ಅವರು ಬೆರಳಿಟ್ಟರು. “ತಿಳಿಯದೆ ಅನ್ನುವುದನ್ನು ಹೊಡೆದುಹಾಕಿ, ಉಪವಿಧಿ, ಅಂದರೆ ನಮ್ಮ ಸ್ಥಳೀಯ ನಿಯಮ, ಪ್ರಕಟವಾದ ಮೇಲೆ ಎಲ್ಲರಿಗೂ ತಿಳಿದಿದೆ ಎಂದೇ ಲೆಕ್ಕ” ಎಂದರು. ಹೊಡೆದುಹಾಕಿದೆ. ಹೊಡೆದುಹಾಕಿದ ಕಡೆ ಚಿಕ್ಕ ಸಹಿ ಬೇಕೆಂದರು, ಅದನ್ನೂ ಹಾಕಿದೆ. ಕೊನೆಗೆ, ಅವರು ಹೇಳದಿದ್ದರೂ, ಯಾರೂ ಕೇಳದಿದ್ದರೂ, ನನ್ನ ಕೈ ತಾನಾಗಿಯೇ ‘ತಮ್ಮ ವಿಧೇಯ’ ಎಂದು ಬರೆದು ಸಹಿ ಮಾಡಿತು.

ಆಡಬೇಕಾಗಿದ್ದ ಮಾತುಗಳೆಲ್ಲ ಮೆಟ್ಟಿಲು ಇಳಿಯುವಾಗ ನೆನಪಾದವು. ಇನ್ನೊಬ್ಬರಿಗೆ ಕೇಡಾಗುವುದನ್ನು ತಡೆಯುವುದಕ್ಕಲ್ಲದೆ ಒಬ್ಬ ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಬಲವಂತಪಡಿಸಲು ಸಮಾಜಕ್ಕೆ ಹಕ್ಕಿಲ್ಲ ಎಂದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1859ರಲ್ಲೇ ವಾದಿಸಿದ್ದ. ನನ್ನ ಗೋಡೆಯೊಳಗೆ, ನನ್ನ ಬಾಗಿಲ ಮೇಲೆ, ಎರಡಡಿ ಚಾಚಿಕೊಂಡಿರುವ ತಗಡಿನ ಶೀಟಿನಿಂದ ಯಾರಿಗಾದರೂ ಅಡ್ಡಿಯಾಗಿದ್ದರೆ ಅದು ಮಳೆಗೆ ಮಾತ್ರ. ಆದರೆ ಮಿಲ್ ಕೌಂಟರಿನ ಮುಂದೆ ನೆನಪಾಗುವುದಿಲ್ಲ. ನೆನಪಾಗಿದ್ದರೂ ನನ್ನ ಹಿಂದೆ ಇನ್ನೂ ಹತ್ತು ಜನ ಕಾಯುತ್ತಿದ್ದರು.

ಸ್ಥಳೀಯ ಆಡಳಿತದಿಂದ ನಾನು ಬಯಸುವುದು ಬಹಳ ಕಡಿಮೆ. ನೀರು ಬರಲಿ, ಚರಂಡಿ ಹರಿಯಲಿ, ಕಸ ಹೋಗಲಿ, ರಸ್ತೆಯಲ್ಲಿ ರಾತ್ರಿ ದೀಪವಿರಲಿ, ಒಬ್ಬನಿಂದ ಇನ್ನೊಬ್ಬನಿಗೆ ನಿಜವಾದ ಹಾನಿಯಾಗುವಾಗ ನಡುವೆ ಬರಲಿ. ಇಷ್ಟನ್ನು ನೆಟ್ಟಗೆ ಮಾಡಿದರೆ ಕೈಮುಗಿಯುತ್ತೇನೆ. ದೊಡ್ಡ ಸರ್ಕಾರದ ಬಗ್ಗೆ ಎಲ್ಲರೂ ಎಚ್ಚರವಾಗಿರುತ್ತಾರೆ, ಆದರೆ ಬಾಗಿಲಿಗೆ ಅಳತೆಯ ಟೇಪು ಹಿಡಿದು ಬರುವುದು ಯಾವಾಗಲೂ ಈ ಚಿಕ್ಕ ಸರ್ಕಾರವೇ. ಅಮೆರಿಕದಲ್ಲಿ ‘ಡಿಲನ್ ನಿಯಮ’ ಎಂಬುದೊಂದಿದೆ. ಅಲ್ಲಿನ ಅಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲನ್ 1868ರಲ್ಲಿ ಕೊಟ್ಟ ತೀರ್ಪಿನೊಂದಿಗೆ ಅದರ ಹೆಸರು ತಳುಕು ಹಾಕಿಕೊಂಡಿದೆ. ಸ್ಥಳೀಯ ಸಂಸ್ಥೆಗೆ ಶಾಸಕಾಂಗ ಕೊಟ್ಟಷ್ಟೇ ಅಧಿಕಾರ, ಕೊಟ್ಟಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಕೊಟ್ಟಿಲ್ಲವೆಂದೇ ಅರ್ಥ ಎಂಬುದು ಅದರ ಸಾರಾಂಶ. ಮೊದಲ ಸಲ ಓದಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆಮೇಲೆ ಹೊಳೆಯಿತು: ಆ ನಿಯಮ ನಗರದ ಕೈ ಕಟ್ಟುತ್ತದೆಯೇ ಹೊರತು ನನ್ನ ಕೈ ಬಿಚ್ಚುವುದಿಲ್ಲ. ಅಧಿಕಾರ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಕೂರುತ್ತದೆ, ಅಲ್ಲಿ ನಾನು ಹೋಗಿ ನಿಲ್ಲಲು ಒಂದು ಕೌಂಟರೂ ಇರುವುದಿಲ್ಲ. ಆದರೂ ನಿಯಮ ಸರಿಯಾಗಿದೆ ಎಂದೇ ನನ್ನ ವಾದ. ಅಲ್ಲ, ಸರಿಯಿಲ್ಲ. ಏನಾದರೂ ಆಗಲಿ ಬಿಡಿ.

ಈಗ ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಪಕ್ಕದ ಮನೆಯವರು ಗೋಡೆ ಎತ್ತರಿಸಿದಾಗ, ಇದೇ ಕಚೇರಿಯಲ್ಲಿ, ಇದೇ ಉಪವಿಧಿಯ ಸಂಖ್ಯೆಯನ್ನು ಉಲ್ಲೇಖಿಸಿ ಎರಡು ಪುಟಗಳ ದೂರು ಕೊಟ್ಟವನು ನಾನು. ಅಂದು ಇದೇ ಗುಮಾಸ್ತರು ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟಿದ್ದರು. ಪಕ್ಕದವರ ಗೋಡೆಯಿಂದ ನನಗೆ ಆದ ಹಾನಿಯೇನು ಎಂದು ಗುಮಾಸ್ತರು ಕೇಳಲೂ ಇಲ್ಲ, ನಾನು ಯೋಚಿಸಲೂ ಇಲ್ಲ. ನೋಡಲು ಚೆನ್ನಾಗಿರಲಿಲ್ಲ, ಅಷ್ಟೆ. ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ವಿಂಗಡಣೆಯ ಕಾನೂನಿಲ್ಲದೆಯೂ ದೊಡ್ಡ ನಗರವೊಂದು ನಡೆಯಬಲ್ಲದು ಎಂಬುದಕ್ಕೆ ನಾನು ಸಿಕ್ಕಸಿಕ್ಕವರಿಗೆಲ್ಲ ಅಮೆರಿಕದ ಹ್ಯೂಸ್ಟನ್ನಿನ ಉದಾಹರಣೆ ಕೊಡುತ್ತಿದ್ದೆ. ಅಲ್ಲಿನ ಮತದಾರರು ಅಂಥ ಕಾನೂನನ್ನು 1948, 1962 ಮತ್ತು 1993ರಲ್ಲಿ ಮೂರು ಸಲ ತಳ್ಳಿಹಾಕಿದ್ದಾರೆ. ಆದರೆ ಅಲ್ಲಿ ಎಷ್ಟೋ ಬಡಾವಣೆಗಳಲ್ಲಿ ಜಾಗದ ಪತ್ರದಲ್ಲೇ ಷರತ್ತುಗಳಿರುತ್ತವೆ, ಅವುಗಳನ್ನು ಜಾರಿಮಾಡಿಸಲು ನಗರಾಡಳಿತವೇ ನ್ಯಾಯಾಲಯಕ್ಕೂ ಹೋಗಬಹುದು ಎಂಬ ಭಾಗವನ್ನು ನಾನು ಹೇಳುತ್ತಿರಲಿಲ್ಲ. ಕಚೇರಿಯೇ ಇಲ್ಲದಿದ್ದರೆ ಟೇಪು ನೆರೆಯವರ ಕೈಯಲ್ಲಿರುತ್ತಿತ್ತು, ಬಹುಶಃ ನನ್ನ ಕೈಯಲ್ಲೇ.

ಹಾಗೆಂದು ನನ್ನ ಪ್ರಶ್ನೆ ಸುಳ್ಳಾಗುವುದಿಲ್ಲ. ಯಾರಾದರೂ, ನೋಟಿಸಿಗೆ ಸಹಿ ಹಾಕಿದವರೋ, ಉಪವಿಧಿ ಬರೆದವರೋ, ಸಾಲಿನಲ್ಲಿ ನಿಂತು ನಕ್ಕವರೋ, ಒಬ್ಬರಾದರೂ ಉತ್ತರಿಸಿ: ನನ್ನ ಬಾಗಿಲ ಮೇಲಿನ ನೆರಳು ಯಾವ ಕ್ಷಣದಲ್ಲಿ ನಿಮ್ಮದಾಯಿತು? ಅರ್ಜಿ ಹಾಕಿ ಕೇಳಬೇಕೆಂದರೆ ಹಾಕುತ್ತೇನೆ, ಅದರ ಕೊನೆಯಲ್ಲಿ ಏನೆಂದು ಸಹಿ ಮಾಡುತ್ತೇನೋ ಎಂಬ ಭಯವೊಂದಿದೆ.

ಶೀಟು ಬಿಚ್ಚಲು ಏಳು ದಿನ ಕೊಟ್ಟಿದ್ದಾರೆ. ಏಣಿ ನನ್ನಲ್ಲಿಲ್ಲ, ಪಕ್ಕದ ಮನೆಯವರಲ್ಲಿದೆ.