ಕಡಲ ದಂಡೆಯ ಕತ್ತೆ, ನವನಗರದ ಇಸ್ತ್ರಿ ಗಾಡಿ

ಸಮುದ್ರ ಇಲ್ಲದ ಊರಿನವರಿಗೆ ಸಮುದ್ರದ ಮಾತು ಹೆಚ್ಚು. ಬಾಗಲಕೋಟೆಯ ನಾವು ಎಂದಾದರೊಮ್ಮೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗಿ, ಪ್ಯಾಂಟು ಮೊಣಕಾಲ ತನಕ ಮಡಚಿ ಅಲೆಯಲ್ಲಿ ನಿಂತು ಫೋಟೊ ಹೊಡೆಸಿಕೊಂಡು ಬಂದರೆ ಮುಂದಿನ ಯುಗಾದಿ ತನಕ ಅದೇ ಸುದ್ದಿ. ನಮ್ಮ ಪಾಲಿಗೆ ಇರುವ ದಂಡೆ ಒಂದೇ, ಆಲಮಟ್ಟಿ ಹಿನ್ನೀರಿನದು. ಹಳೇ ಊರಿನ ಎಷ್ಟೋ ಓಣಿಗಳನ್ನು ನುಂಗಿ, ಜನರನ್ನು ಗಂಟುಮೂಟೆ ಸಮೇತ ನವನಗರದ ಸೆಕ್ಟರುಗಳಿಗೆ ಕಳಿಸಿದ ನೀರು ಅದು. ಅದರ ಉಬ್ಬರ ಇಳಿತವೂ ನಮ್ಮ ಸ್ವಭಾವಕ್ಕೆ ತಕ್ಕಂತೆ ಸಾವಕಾಶದ್ದು. ಮಳೆಗಾಲದಲ್ಲಿ ಏರಿದ್ದು ಬೇಸಿಗೆಗೆ ಇಳಿಯುತ್ತದೆ, ವರ್ಷಕ್ಕೆ ಒಂದೇ ಸಲ. ನೀರು ಸರಿದ ಮಣ್ಣಿನಲ್ಲಿ ರೈತರು ಒಂದು ಬೆಳೆ ತೆಗೆದುಕೊಳ್ಳುವಷ್ಟು ಪುರುಸೊತ್ತು ಅದಕ್ಕಿದೆ.

ಇಂಥ ಊರಿನಲ್ಲಿ ಕೂತು ನಾನು ಕೆಲವು ವಾರಗಳಿಂದ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಒಂದು ಕತ್ತೆಯ ಬೆನ್ನು ಹತ್ತಿದ್ದೇನೆ. ಅಕ್ಕನ ಮಗ ಆ ಕಡೆ ನೌಕರಿಯಲ್ಲಿದ್ದಾನೆ. ಹೇರು ಹೊತ್ತ ಕತ್ತೆಯೊಂದು, ಅದರ ಹಗ್ಗ ಹಿಡಿದ ಗಡ್ಡದವನೊಬ್ಬ ಹೆದ್ದಾರಿಯ ಅಂಚಿನಲ್ಲಿ ಹೋಗುವುದನ್ನು ಕಂಡು ಕಾರು ನಿಲ್ಲಿಸಿದನಂತೆ. ಉತ್ತರದ ಓರೆಗನ್ ಗಡಿಯಿಂದ ಹೊರಟು ದಕ್ಷಿಣದ ಮೆಕ್ಸಿಕೊ ಗಡಿಯ ತನಕ ನಡೆಯುವ ಜೋಡಿ ಅದು. ಆ ದಾರಿಗೆ ಕ್ಯಾಲಿಫೋರ್ನಿಯಾ ಕೋಸ್ಟಲ್ ಟ್ರೇಲ್ ಎಂದು ಹೆಸರು, ಉದ್ದ ಸುಮಾರು 1,900 ಕಿಲೋಮೀಟರ್. ಅಂದಿನಿಂದ ಆ ದಾರಿಯ ಸುದ್ದಿ, ಫೋಟೊ ಸಿಕ್ಕಂತೆಲ್ಲ ಅಳಿಯ ನನಗೆ ದಾಟಿಸುತ್ತಾನೆ. ನಾನು ಮೊಮ್ಮಗಳ ಶಾಲೆಯ ಅಟ್ಲಾಸಿನಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಡುತ್ತೇನೆ. ಅಟ್ಲಾಸಿನಲ್ಲಿ ಇಡೀ ಕ್ಯಾಲಿಫೋರ್ನಿಯಾ ನನ್ನ ಹೆಬ್ಬೆರಳಿನಷ್ಟು. ಕತ್ತೆ ವಾರಗಟ್ಟಲೆ ನಡೆದರೂ ಚುಕ್ಕಿಗಳು ಒಂದರ ಮೇಲೊಂದು ಕೂರುತ್ತವೆ. "ಅಜ್ಜಾ, ಅದು ಮಲಕೊಂಡೈತೇನು?" ಎಂದು ಮೊಮ್ಮಗಳು ಕೇಳುತ್ತಾಳೆ.

ಮಲಗಿಲ್ಲ, ಮೇಯುತ್ತಿದೆ. ದಿನಕ್ಕೆ 15 ಕಿಲೋಮೀಟರ್ ಎಂದು ಹಿಡಿದರೆ ಆ ದಾರಿ ಮುಗಿಯಲು ನಾಲ್ಕು ತಿಂಗಳಿಗೂ ಹೆಚ್ಚು ಬೇಕು. ಅದೂ ಕತ್ತೆ ಒಪ್ಪಿದರೆ. ದಾರಿಯ ಬದಿಯ ಮುಳ್ಳುಗಿಡವನ್ನು ತುಟಿಯಲ್ಲೇ ಬಿಡಿಸಿ ತಿನ್ನುವಾಗ ಅದನ್ನು ಎಬ್ಬಿಸಿ ನಡೆಸುವ ಶಕ್ತಿ ಯಾರಿಗೂ ಇಲ್ಲ. ಕ್ರಿಕೆಟ್ ಸ್ಕೋರು ನೋಡುವ ಚಟ ಇದ್ದವನು ನಾನು. ಇದರಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ, ಆದರೂ ಬೆಳಿಗ್ಗೆ ಎದ್ದು ಮೊದಲು ನೋಡುವುದು ಕತ್ತೆ ಎಲ್ಲಿಗೆ ಬಂತು ಎಂದೇ.

ಆ ದಂಡೆಯ ಕಾನೂನು ಸೊಗಸಾಗಿದೆ. ಭರತದ ನೀರು ಬಂದು ತೊಯ್ಸಿ ಹೋಗುವ ಮರಳು ಸಾರ್ವಜನಿಕರದು. ಅದರಾಚೆಯ ಒಣ ಮರಳು ಯಾರದಾದರೂ ಸ್ವಂತದ್ದಿರಬಹುದು. 1972ರಲ್ಲಿ ಅಲ್ಲಿಯ ಜನ ಮತ ಹಾಕಿ ಕಡಲ ದಂಡೆ ಕಾಯುವ ಆಯೋಗವನ್ನು ತಂದುಕೊಂಡರು, 1976ರಲ್ಲಿ ಕೋಸ್ಟಲ್ ಆಕ್ಟ್ ಬಂತು. ಹಸಿ ಮರಳಿನ ಮೇಲೆ ನಡೆಯುವ ಹಕ್ಕಿಗಾಗಿ ಇಷ್ಟೆಲ್ಲ ಓಡಾಡಿದವರು ಕತ್ತೆಯನ್ನು ಒಂದು ಮಾತು ಕೇಳಬೇಕಿತ್ತು. ಅದಕ್ಕೆ ಬೇಕಾದದ್ದು ಒಣ ಮರಳು. ಕತ್ತೆಯ ಮೂಲ ಆಫ್ರಿಕಾದ ಮರುಭೂಮಿಯ ಕಡೆ. ಸುಮಾರು 7,000 ವರ್ಷಗಳ ಹಿಂದೆ ಮನುಷ್ಯ ಅದನ್ನು ಅಲ್ಲಿ ಪಳಗಿಸಿದ. ಅದರ ಕೂದಲು ಕುದುರೆಯ ಕೂದಲಿನ ಹಾಗೆ ಮಳೆನೀರನ್ನು ಜಾರಿಸುವುದಿಲ್ಲ, ಹೀರಿಕೊಂಡು ಕೂರುತ್ತದೆ. ನೆಲದ ಮೇಲೆ ನೀರು ಹೊಳೆದರೆ ಅದು ಗೇಣು ಆಳವೋ ಮಾರುದ್ದ ಆಳವೋ ಎಂದು ತಿಳಿಯುವ ತನಕ ಕಾಲಿಡುವುದಿಲ್ಲ. ಒಂದು ಸಣ್ಣ ತೊರೆ ಕಡಲಿಗೆ ಸೇರುವ ಕಡೆ, ಮಕ್ಕಳು ಪಾದ ನೆನೆಸಿಕೊಂಡು ದಾಟುವಷ್ಟು ನೀರಿನ ಮುಂದೆ ಈ ಕತ್ತೆ ಅರ್ಧ ದಿನ ನಿಂತಿತಂತೆ. ಅಷ್ಟರಲ್ಲಿ ಭರತ ಬಂದು ತೊರೆ ನಿಜವಾಗಿಯೂ ಆಳವಾಯಿತು. ಕತ್ತೆ ಹೇಳಿದ್ದೇ ಸರಿ ಎಂದಾಯಿತು.

ಲಾಸ್ಟ್ ಕೋಸ್ಟ್ ಎಂಬ ಭಾಗದ ಸುದ್ದಿ ಕೇಳಿ ನಾನು ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ. ಅಲ್ಲಿಯ ಗುಡ್ಡಗಳು ಎಷ್ಟು ಕಡಿದು ಎಂದರೆ, ಉದ್ದಕ್ಕೂ ಕಡಲನ್ನು ಹಿಡಿದೇ ಬರುವ ಒಂದನೇ ನಂಬರಿನ ಹೆದ್ದಾರಿ ಕೂಡ ಅಲ್ಲಿ ಸೋತು ಒಳನಾಡಿಗೆ ತಿರುಗಿಬಿಡುತ್ತದೆ. ಉಳಿಯುವುದು 40 ಕಿಲೋಮೀಟರಿನಷ್ಟು ಕಾಲುದಾರಿ, ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಡಲು. ಕೆಲವು ಕಡೆ ಭರತ ಬಂದರೆ ದಾರಿಯೇ ಇಲ್ಲ. ಹೋಗುವವರು ಉಬ್ಬರ ಇಳಿತದ ಪಟ್ಟಿ ಜೇಬಿನಲ್ಲಿಟ್ಟುಕೊಂಡು, ಇಳಿತದ ಹೊತ್ತಿಗೇ ಆ ಜಾಗ ದಾಟಿಬಿಡಬೇಕು. ಕಡಲು ಗಡಿಯಾರ ನೋಡಿ ಬರುತ್ತದೆ. ಕತ್ತೆಗೆ ಗಡಿಯಾರದ ಹಂಗಿಲ್ಲ. ಇವೆರಡರ ನಡುವೆ ಹಗ್ಗ ಹಿಡಿದು ನಿಂತ ಮನುಷ್ಯನ ಗತಿ ಏನು? ಗಡ್ಡದವನು ಜಾಣ, ಅಲ್ಲಿ ಹೆದ್ದಾರಿಯ ಜೊತೆ ತಾನೂ ಒಳನಾಡಿಗೆ ತಿರುಗಿದ. ಶುದ್ಧ ನಡಿಗೆಯವರು ಇದನ್ನು ಕಳ್ಳಾಟ ಎನ್ನಬಹುದು. ನಾನು ಎನ್ನುವುದಿಲ್ಲ.

ಈ ಫೋಟೊಗಳನ್ನು ನಾನೊಬ್ಬನೇ ನೋಡಿದರೆ ಬರೀ ಕತ್ತೆ ಕಾಣುತ್ತದೆ. ಅದಕ್ಕೆ ನಮ್ಮ ಸೆಕ್ಟರಿನ ಇಸ್ತ್ರಿ ಗಾಡಿಯ ಕಾಕಾನ ಹತ್ತಿರ ಒಯ್ಯುತ್ತೇನೆ. ಬೇವಿನ ಮರದ ಕೆಳಗೆ ಗಾಡಿ, ಗಾಡಿಯ ಮೇಲೆ ಇದ್ದಿಲ ಇಸ್ತ್ರಿ. ಊರು ಮುಳುಗುವ ಮುಂಚೆ ಅವರ ಮನೆಯಲ್ಲಿ ಕತ್ತೆಗಳಿದ್ದವು, ಘಟಪ್ರಭೆಯ ದಂಡೆಗೆ ಅರಿವೆ ಗಂಟು ಹೊತ್ತೊಯ್ಯುತ್ತಿದ್ದವು. ಕನ್ನಡಕ ಏರಿಸಿ ಫೋನು ಹಿಡಿದವನೇ ಕಾಕಾ ಮೊದಲು ಹೇಳಿದ್ದು:

"ಹೇರು ಬಲಕ್ಕ ವಾಲೈತಿ ನೋಡ್ರಿ ಮಾಸ್ತರ. ಸಂಜೀತನಕ ಹಿಂಗ ನಡಸಿದ್ರ ಬೆನ್ನ ಮ್ಯಾಲ ಹುಣ್ಣ ಆಕ್ಕೈತಿ."

ನೋಡಿದರೆ ಹೌದು. ಬೆನ್ನ ಮೇಲೆ ಕತ್ತರಿಯಾಕಾರದ ಎರಡು ಮರದ ತುಂಡುಗಳ ಜೀನು, ಅದಕ್ಕೆ ಎರಡೂ ಬದಿಗೆ ಪೆಟ್ಟಿಗೆಯಂಥ ಚೀಲ. ಎಡಕ್ಕೂ ಬಲಕ್ಕೂ ತೂಕ ಸಮ ಇರಬೇಕು, ಅದಕ್ಕಾಗಿ ಕೈತಕ್ಕಡಿ ಇಟ್ಟುಕೊಳ್ಳುವವರೂ ಉಂಟು. ಒಟ್ಟು ಭಾರ ಕತ್ತೆಯ ಮೈತೂಕದ ಐದನೇ ಒಂದು ಪಾಲಿನ ಆಸುಪಾಸು ಇರಬೇಕೆಂದು ಲೆಕ್ಕ. 200 ಕಿಲೋದ ಕತ್ತೆಗೆ 40 ಕಿಲೋ. ಇದನ್ನು ಹೇಳಿದಾಗ ಕಾಕಾ ಇಸ್ತ್ರಿ ಎತ್ತಿ ಬದಿಗಿಟ್ಟ. "ನಲವತ್ತ ಕಿಲೋ ಹೇರಿದ್ರ ನಮ್ಮ ಮನಿ ನಡೀತಿತ್ತೇನ್ರಿ? ಅದರ ಮ್ಯಾಲ ಎರಡ ಪಟ್ಟ ಹೇರ್ತಿದ್ವಿ. ಪಾಪ, ಹೊರತಿದ್ವು." ಆಮೇಲೆ ಸ್ವಲ್ಪ ಹೊತ್ತು ಯಾರದೋ ಅಂಗಿಯ ಕಾಲರಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಇಸ್ತ್ರಿ ಒತ್ತಿದ.

ಕಾಕಾನ ಇನ್ನೊಂದು ತಕರಾರು ಹಗ್ಗದ್ದು. ಮುಂದೆ ನಿಂತು ಕತ್ತೆಯನ್ನು ಎಳೆಯುವುದೆಂದರೆ ಅವನ ಪ್ರಕಾರ ಕೆಲಸ ಬಾರದವರ ಲಕ್ಷಣ. ಕತ್ತೆಯನ್ನು ಮುಂದೆ ಬಿಡಬೇಕು, ಹಿಂದಿನಿಂದ ನಡೆಸಬೇಕು. ದಾರಿ ಅದಕ್ಕೆ ಗೊತ್ತಿರುತ್ತದೆ. ಘಾಟಿನಿಂದ ಮನೆಗೆ ಅವು ತಾವೇ ಬರುತ್ತಿದ್ದವಂತೆ. ಹಟದ ಮಾತಿಗೂ ಅವನು ಒಪ್ಪುವುದಿಲ್ಲ. ಕುದುರೆ ಹೆದರಿದರೆ ಓಡುತ್ತದೆ, ಕತ್ತೆ ಹೆದರಿದರೆ ನಿಲ್ಲುತ್ತದೆ. ನಿಂತು ಕಿವಿ ತಿರುಗಿಸಿ ವಿಚಾರ ಮಾಡುತ್ತದೆ. ನಾವು ಅದಕ್ಕೆ ಹಟ ಎಂದು ಹೆಸರಿಟ್ಟು ಬೆತ್ತ ತೆಗೆದುಕೊಳ್ಳುತ್ತೇವೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಉತ್ತರ ಹೇಳದೆ ನಿಂತ ಹುಡುಗರ ಮುಖ ಒಂದೊಂದಾಗಿ ನೆನಪಾಯಿತು. ಇರಲಿ.

ಅಮೆರಿಕಕ್ಕೆ ಕತ್ತೆಯನ್ನು ತಂದವರು ಸ್ಪೇನಿನವರು. ಮುಂದೆ ಚಿನ್ನ ಹುಡುಕುವವರ ಗುದ್ದಲಿ, ಹಿಟ್ಟು, ನೀರು ಹೊತ್ತದ್ದು ಅದೇ. ಚಿನ್ನ ಮುಗಿದ ಮೇಲೆ ಕತ್ತೆಗಳನ್ನು ಬಿಟ್ಟು ಹೋದರು, ಅವು ಕಾಡು ಸೇರಿದವು. 1971ರಲ್ಲಿ ಕಾಡುಕುದುರೆಗಳ ಜೊತೆ ಇವುಗಳ ರಕ್ಷಣೆಗೂ ಒಂದು ಕಾನೂನು ಬಂತು, ಈಗ ಸರ್ಕಾರವೇ ಅವನ್ನು ಬೇಕಾದವರಿಗೆ ದತ್ತು ಕೊಡುತ್ತದೆ. ಕೊಲರಾಡೊ ಎಂಬ ರಾಜ್ಯದಲ್ಲಂತೂ 1949ರಿಂದ ಹೇರು ಕತ್ತೆಗಳ ಓಟವಿದೆ. ಕತ್ತೆಯ ಮೇಲೆ 33 ಪೌಂಡ್ ಹೇರು, ಅದರಲ್ಲಿ ಗುದ್ದಲಿ, ಸಲಿಕೆ, ಚಿನ್ನ ಜಾಲಿಸುವ ತಟ್ಟೆ ಇರಲೇಬೇಕು. ಮನುಷ್ಯ ಜೊತೆಗೆ ಓಡಬೇಕು. ಕತ್ತೆಯನ್ನು ಎಳೆಯಬಹುದು, ನೂಕಬಹುದು, ಬೇಕಾದರೆ ಹೊತ್ತುಕೊಂಡೂ ಹೋಗಬಹುದು, ಏರಿ ಕೂರುವಂತಿಲ್ಲ. "ಹೊತ್ಕೊಂಡ?" ಎಂದು ಕಾಕಾ ಎರಡು ಸಲ ಕೇಳಿದ. ಆಮೇಲೆ ಅರಿವೆ ತರಲು ಬಂದವರಿಗೆಲ್ಲ ಅದನ್ನೇ ಹೇಳಿ ನಕ್ಕ.

ದೂರ ನಡೆಯುವುದು ನಮ್ಮ ಕಡೆಗೆ ಹೊಸತಲ್ಲ. ಯುಗಾದಿಗೆ ಮುಂಚೆ ನಮ್ಮ ಜಿಲ್ಲೆಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುವವರನ್ನು, ಆಷಾಢದಲ್ಲಿ ಪಂಢರಪುರದ ದಾರಿ ಹಿಡಿಯುವವರನ್ನು ನೋಡಿಯೇ ಬೆಳೆದವರು ನಾವು. ಅವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ರೊಟ್ಟಿ, ಕಾಲಿಗೆ ಎಣ್ಣೆ. ಪುಣ್ಯದ ನಡಿಗೆಗೆ ನಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಹೊಟ್ಟೆಯ ನಡಿಗೆಯ ಕಥೆ ಬೇರೆ. ನಮ್ಮ ಹೊಲದಲ್ಲಿ ಕುರಿ ತರುಬಲು ಬರುವವರು ವರ್ಷದ ಬಹುಪಾಲು ನಡೆದೇ ಇರುತ್ತಿದ್ದರು. ಅವರ ಕತ್ತೆಯ ಮೇಲೆ ಕಂಬಳಿ, ಬಲೆ, ಪಾತ್ರೆ, ಎರಡೂ ಬದಿಯ ಜಾಳಿಗೆಯಲ್ಲಿ ಅಂದೇ ಹುಟ್ಟಿದ ಕುರಿಮರಿಗಳ ತಲೆ. ಎಲ್ಲಿಂದ ಬಂದಿರಿ, ಎಲ್ಲಿ ತನಕ ಹೋಗುತ್ತೀರಿ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಎಷ್ಟು ರಾತ್ರಿಗೆ ಎಷ್ಟು ಜೋಳ, ಅಷ್ಟೇ ಮಾತು.

ಅಲ್ಲಿ ನೋಡಿದರೆ, ಗಡ್ಡದವನು ದಿನಕ್ಕೆ 15 ಕಿಲೋಮೀಟರ್ ಮುಟ್ಟಲು ಆಗದಿರುವುದಕ್ಕೆ ಅರ್ಧ ಕಾರಣ ಕತ್ತೆಯಾದರೆ ಇನ್ನರ್ಧ ಕಾರಣ ಜನ. ಕಾರು ನಿಲ್ಲಿಸುತ್ತಾರೆ, ಗಜ್ಜರಿ ಕೊಡುತ್ತಾರೆ, ಮಕ್ಕಳನ್ನು ಇಳಿಸಿ ಕಿವಿ ಮುಟ್ಟಿಸುತ್ತಾರೆ. ನಮ್ಮ ಅಳಿಯನೇ ಕತ್ತೆಯ ಹೆಸರು, ವಯಸ್ಸು, ಅದಕ್ಕೆ ಯಾವ ಹಣ್ಣು ಇಷ್ಟ ಎಲ್ಲವನ್ನೂ ಕೇಳಿಕೊಂಡು ಬಂದ, ಮನುಷ್ಯನ ಹೆಸರು ಕೇಳಲಿಲ್ಲ. ಇದೇ ಅಳಿಯ ಹಳೇ ಊರಿನಲ್ಲಿ ಕಾಕಾನ ಕತ್ತೆಗಳು ಮನೆ ಮುಂದೆ ಹಾದುಹೋಗುವಾಗ ಕಲ್ಲು ಬೀರುತ್ತಿದ್ದವನು. ಅವನನ್ನು ಅಂದು ಪ್ರಯೋಜನವಿಲ್ಲ. ಬೇಕೆಂದು ನಡೆಯುವವನ ಕತ್ತೆ ನೋಡುವ ವಸ್ತು, ಬೇರೆ ದಾರಿ ಇಲ್ಲದವನ ಕತ್ತೆ ಕತ್ತೆಯೇ.

"ಕಾಕಾ, ನಿಮ್ಮ ಕತ್ತಿಗೋಳಿಗೆ ಹೆಸರ ಇದ್ವೇನು?" ಎಂದೆ.

"ಕತ್ತಿಗೆ ಯಾರ ಹೆಸರ ಇಡ್ತಾರ್ರಿ ಮಾಸ್ತರ," ಎಂದು ಪ್ಯಾಂಟಿನ ಮಡಿಕೆ ಕೂಡಿಸಿದ. ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ದನಿ ತಗ್ಗಿಸಿದ. "ಒಂದಕ್ಕ ಇತ್ತು. ಹೆಣ್ಣ ಕತ್ತಿ, ಭಾಳ ಸೊಕ್ಕು, ಭಾಳ ಚಂದ. ಗೌಡಸಾನಿ ಅಂತಿದ್ನಿ. ಗೌಡ್ರ ಓಣ್ಯಾಗ ಹೋಗಾಗ ಮಾತ್ರ ಬರೇ ಹೈ ಅಂತಿದ್ನಿ."

ಈಗ ಕತ್ತೆ ನೋಡಬೇಕೆಂದರೆ ಕಿರಾಣಿ ಅಂಗಡಿಗೆ ಹೋಗಬೇಕು. ಅಲ್ಲಿ ಗಲ್ಲೆಯ ಮೇಲೆ ಜೋಡಿ ಕತ್ತೆಯ ಪಟ, 'ನನ್ನನ್ನು ನೋಡಿ, ಯೋಗ ಬರುತ್ತದೆ' ಎಂಬ ಬರಹದೊಂದಿಗೆ. ಪಟದಲ್ಲಿ ಯೋಗ ತರುವ ಪ್ರಾಣಿ ಓಣಿಯಲ್ಲಿ ಸಿಕ್ಕರೆ ಬೈಗುಳ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 3.2 ಲಕ್ಷ ಇದ್ದ ಕತ್ತೆಗಳು 2019ಕ್ಕೆ 1.2 ಲಕ್ಷಕ್ಕೆ ಇಳಿದವು. ವಾಷಿಂಗ್ ಮಷಿನ್ನು, ಟಂಟಂ, ಟ್ರ್ಯಾಕ್ಟರು ಬಂದ ಮೇಲೆ ಅವಕ್ಕೆ ಕೆಲಸವಿಲ್ಲ. ಉಳಿದವು ಹಾಲಿನವರ ಜೊತೆ ಬರುತ್ತವೆ. ಕೂಸಿಗೆ ಕೆಮ್ಮು ಕಟ್ಟುವುದಿಲ್ಲ ಎಂದು ಒಂದು ಒಳಲೆ ಹಾಲಿಗೆ ಕೇಳಿದಷ್ಟು ಕೊಡುವ ತಾಯಂದಿರು ಇದ್ದಾರೆ. ಕೆಮ್ಮು ನಿಲ್ಲುತ್ತದೆಂದು ನನಗೆ ನಂಬಿಕೆಯಿಲ್ಲ, ಆದರೆ ಆ ನೆಪದಲ್ಲಿ ಕತ್ತೆಗಳು ಊರೊಳಗೆ ಬರುವುದಾದರೆ ಬರಲಿ.

ಮೊನ್ನೆ ಅಟ್ಲಾಸಿನ ಪುಟ ತಿರುವಿ ನಮ್ಮದೇ ಕರಾವಳಿಯನ್ನು ಕಾಕಾನಿಗೆ ತೋರಿಸಿದೆ. ಕಾರವಾರದಿಂದ ಉಳ್ಳಾಲದ ಆಚೆ ತನಕ ಸುಮಾರು 320 ಕಿಲೋಮೀಟರ್, ಕತ್ತೆಯ ಲೆಕ್ಕದಲ್ಲಿ ಮೂರು ವಾರ. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ತದಡಿಯಲ್ಲಿ ಬಾರ್ಜ್ ಇದೆ, ಬೈಕುಗಳ ನಡುವೆ ಕತ್ತೆಯನ್ನು ನಿಲ್ಲಿಸಿದರೆ ಟಿಕೆಟ್ ಯಾವ ಲೆಕ್ಕದಲ್ಲಿ ಹರಿಯುತ್ತಾರೋ. ಕಾಕಾ ನದಿಗಳ ಮೇಲೆ ಬೆರಳಾಡಿಸಿ ತನ್ನ ಶರತ್ತುಗಳನ್ನು ಹೇಳತೊಡಗಿದ. ಹಗ್ಗ ಅವನ ಕೈಯಲ್ಲೇ ಇರಬೇಕು. ಹೇರು ಅವನೇ ಕಟ್ಟುತ್ತಾನೆ, ನಾನು ಕೈ ಹಚ್ಚಬಾರದು. ಊಟಕ್ಕೆ ಜೋಳದ ಹಿಟ್ಟು ಇಲ್ಲಿಂದಲೇ ಒಯ್ಯಬೇಕು, ಆ ಕಡೆಯ ಕುಚಲಕ್ಕಿ ಅನ್ನ ಅವನಿಗೆ ಇಳಿಯುವುದಿಲ್ಲ. ಮಳೆಗಾಲ ಬೇಡವೇ ಬೇಡ.

"ಕತ್ತಿ ಎಲ್ಲಿಂದ ತರೂದು?" ಎಂದೆ.

"ಅದ ತ್ರಾಸ. ಹಾಲಿನವ್ರು ರೇಟ್ ಕೆಡಿಸಿ ಇಟ್ಟಾರ," ಎಂದು ಇಸ್ತ್ರಿಯ ಇದ್ದಿಲು ಕೆದಕಿದ. "ದೀಪಾವಳಿ ಮುಗೀಲಿ ತಡೀರಿ. ಹಬ್ಬದಾಗ ಅರಿವಿ ಭಾಳ ಬರ್ತಾವ."