ಹನುಮಂತನೂ ಹೆದರಿದ್ದ

‘ನಂಬಿಕೆ ಇದ್ದವರಿಗೆ ಭಯವೇ ಇರುವುದಿಲ್ಲ, ಪಾರಾಯಣ ಮಾಡುವಾಗ ಕಲ್ಪನೆ ಹರಿಯಬಿಡಬೇಡಿ’ ಎಂದು ಸುಂದರಕಾಂಡ ಪಾರಾಯಣದ ದಿನ, ನೈವೇದ್ಯದ ನಿಯಮ ತಿಳಿಸುವ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ವಾಲ್ಮೀಕಿಯ ಸುಂದರಕಾಂಡದ 13ನೇ ಸರ್ಗ ತೆಗೆದು ನೋಡಿ. ಲಂಕೆಯಲ್ಲಿ ಎಷ್ಟು ಹುಡುಕಿದರೂ ಸೀತೆ ಸಿಗದೆ ಹನುಮಂತನೇ ಕಂಗಾಲಾಗುತ್ತಾನೆ. ಈ ಸುದ್ದಿ ಹೇಳಿದರೆ ರಾಮ ಉಳಿಯುವುದಿಲ್ಲ, ಅವನ ಹಿಂದೆ ಲಕ್ಷ್ಮಣ, ಭರತ, ಸುಗ್ರೀವ ಅಂತ ಒಂದೊಂದೇ ಸಾವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾನೆ. ತಾನೂ ಪ್ರಾಣ ಬಿಡುವ ಯೋಚನೆ ಮಾಡುತ್ತಾನೆ. ಅವನಿಗೆ ನಂಬಿಕೆ ಕಡಿಮೆ ಇತ್ತಾ? ಆಮೇಲೆ ತಾನಿನ್ನೂ ಹುಡುಕದ ಅಶೋಕವನ ಅವನ ಕಣ್ಣಿಗೆ ಬೀಳುತ್ತದೆ.

ಭಯ ಅನ್ನುವುದೇ ಅರ್ಧ ಕಲ್ಪನೆ ಅಲ್ವಾ? ಅದನ್ನು ಬರೀ ಉಪದೇಶದಿಂದ ಓಡಿಸಲು ಆಗುವುದಿಲ್ಲ. ಮೈಸೂರಿನಲ್ಲಿ ನಮ್ಮತ್ತೆ ಆಪರೇಷನ್‌ಗೆ ಮುಂಚೆ ಇದೇ ಭಾಗ ಓದುತ್ತಿದ್ದರು. ಡಾಕ್ಟರು ಧೈರ್ಯ ಹೇಳಿದ್ದರೂ ನಿದ್ದೆ ಬರುತ್ತಿರಲಿಲ್ಲ. ‘ಅವನಿಗೂ ದಾರಿ ಕಾಣ್ಲಿಲ್ಲ ಕಣಮ್ಮಾ, ಆದ್ರೆ ಒಂದು ತೋಟ ನೋಡೋದು ಬಾಕಿ ಇತ್ತು’ ಅನ್ನುತ್ತಿದ್ದರು. ಆ ತೋಟವನ್ನು ಅವರು ಮನಸ್ಸಿನಲ್ಲೇ ಸುತ್ತಿ ಬರುತ್ತಿದ್ದರು. ಇದು ಸುಮ್ನೆ ಹಗಲುಗನಸು ಅಂತ ನನಗೆ ಅನ್ನಿಸಲಿಲ್ಲ. ನಮ್ಮ ಕಡೆಯ ಗಮಕ ವಾಚನದಲ್ಲೂ ಒಬ್ಬರು ಕಾವ್ಯ ಹಾಡಿ ಇನ್ನೊಬ್ಬರು ಅರ್ಥ ಬಿಡಿಸುವುದು ಕೇಳುವವರಿಗೆ ಆ ಜಾಗ ಕಾಣಲಿ ಅಂತಲೇ.

ದಿನ, ನೈವೇದ್ಯದ ನಿಯಮ ಲೇಖಕರು ಹೇಳಿದಂತೆಯೇ ಇರಲಿ, ತಕರಾರಿಲ್ಲ. ಆದರೆ ಹೆದರಿದವರನ್ನು ನಂಬಿಕೆ ಇಲ್ಲದವರು ಅನ್ನಬೇಡಿ. ಗೀತೆಯ 11ನೇ ಅಧ್ಯಾಯದಲ್ಲಿ ವಿಶ್ವರೂಪ ನೋಡಿ ನಡುಗಿದ ಅರ್ಜುನ ಹಳೇ ರೂಪವನ್ನೇ ತೋರಿಸು ಅಂತ ಕೇಳುತ್ತಾನೆ. ಕೃಷ್ಣ ಬೈಯುವುದಿಲ್ಲ, ತೋರಿಸುತ್ತಾನೆ.